ಎಂಬತ್ತಾರು ಜನಕ್ಕೆ ಒಂದು ಜೊತೆ ಬೂಟು

ನಾನು ಪತ್ರಿಕೋದ್ಯಮ ಓದಿದವಳು. ಬಿ.ಎ. ಮೂರು ವರ್ಷ, ಎಂ.ಎ. ಎರಡು ವರ್ಷ. ಐದೂ ವರ್ಷ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದೆ. ಕೆಲಸಕ್ಕೆ ಸೇರಿದ ಮೊದಲ ದಿನ ಸಂಪಾದಕರು ನನ್ನ ಕೈಗೆ ಒಂದು ಜೊತೆ ಗಂಬೂಟು ಕೊಟ್ಟರು.

ಗಂಡಸರ ಬೂಟು. ಎಂಟನೇ ನಂಬರು. ಜೊತೆಗೆ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು, ಕಿತ್ತಳೆ ಬಣ್ಣದ ರೇಡಿಯಂ ಜಾಕೆಟ್ಟು, ಒಂದು ಟೋಪಿ. ಎಲ್ಲ ಹೊಸದು. ರಬ್ಬರ್ ವಾಸನೆ ಇನ್ನೂ ಆರಿರಲಿಲ್ಲ. ಎಲ್ಲವನ್ನೂ ಒಂದು ರೆಕ್ಸಿನ್ ಚೀಲಕ್ಕೆ ತುಂಬಿ, ಇದು ನಿನ್ನ ಜವಾಬ್ದಾರಿ ಎಂದರು.

ಅವ್ವನ ವಿಚಾರ ಮೊದಲು ಹೇಳಿಬಿಡುತ್ತೇನೆ. ಅವಳ ಹೆಸರು ಚಲುವಮ್ಮ. ಇಪ್ಪತ್ತೊಂದು ವರ್ಷದಿಂದ ಶ್ರೀರಂಗಪಟ್ಟಣದ ಬೀದಿ ಗುಡಿಸುತ್ತಾಳೆ, ಚರಂಡಿಯ ಹೂಳು ಎತ್ತುತ್ತಾಳೆ. ಗುತ್ತಿಗೆ ಕೆಲಸ. ಗುತ್ತಿಗೆದಾರರು ಬದಲಾಗಿದ್ದಾರೆ, ಚರಂಡಿ ಬದಲಾಗಿಲ್ಲ. ನಾನು ಪಿಯುಸಿ ಪಾಸಾದಾಗ ಕೇರಿಯವರೆಲ್ಲ ನರ್ಸಿಂಗ್ ಸೇರು ಎಂದರು. ನಾನು ಪೇಪರಿನ ಕೆಲಸ ಎಂದೆ. ನಮ್ಮ ಕೇರಿಯ ಸುದ್ದಿ ಪೇಪರಿನಲ್ಲಿ ಬಂದದ್ದು ಎರಡೇ ಸಲ. ಮೊದಲ ಸಲ ನನ್ನ ಚಿಕ್ಕಪ್ಪ ಮ್ಯಾನ್‌ಹೋಲಿಗೆ ಇಳಿದು ಸತ್ತಾಗ. ಎರಡನೇ ಸಲ, ಮೂರು ದಿನದ ಮೇಲೆ, ಅವನು ಸತ್ತದ್ದು ಹೃದಯಾಘಾತದಿಂದ ಎಂದು ತಿದ್ದುಪಡಿ ಹಾಕಿದಾಗ. ಆಗ ನನಗೆ ಹದಿನೈದು ವರ್ಷ. ಆ ತಿದ್ದುವ ಕೆಲಸ ಯಾರು ಮಾಡುತ್ತಾರೋ ಅವರ ಪಕ್ಕದ ಕುರ್ಚಿಯಲ್ಲಿ ಕೂರಬೇಕು ಅನ್ನಿಸಿತ್ತು.

ಕಾಲೇಜಿನಲ್ಲಿ ವಸ್ತುನಿಷ್ಠತೆ ಕಲಿಸಿದರು. ವಾರ್ತೆ ಓದುವ ತರಗತಿಯಲ್ಲಿ ನನ್ನ ಬಾಯಿಗೆ ಹಕಾರ ಬರುವುದಿಲ್ಲ ಎಂದು ಮೇಷ್ಟ್ರು "ಹಾಸನ, ಹಾವೇರಿ, ಹೊಸಪೇಟೆ" ಎಂದು ಮೂವತ್ತು ಸಲ ಹೇಳಿಸಿದರು. ಕ್ಲಾಸು ನಕ್ಕಿತು. ಹಕಾರ ಬಂತು. ಬೆಂಗಳೂರಿನ ಒಂದು ಚಾನೆಲ್ಲಿನವರು ಸಂದರ್ಶನಕ್ಕೆ ಕರೆದು, ದನಿ ಚೆನ್ನಾಗಿದೆ, ಆದರೆ ನಿಮ್ಮ ಬಣ್ಣಕ್ಕೆ ನಮ್ಮ ಲೈಟು ಸಾಲುವುದಿಲ್ಲ ಎಂದರು. ತಲೆಯೆತ್ತಿ ನೋಡಿದೆ. ಇಪ್ಪತ್ತು ಲೈಟು ಉರಿಯುತ್ತಿದ್ದವು.

ಕೊನೆಗೆ ಸಿಕ್ಕಿದ್ದು 'ನಾಲ್ಕೂರ ದನಿ'. ಪಾಂಡವಪುರದ ಮೊಬೈಲ್ ಅಂಗಡಿಯೊಂದರ ಮಹಡಿಯಲ್ಲಿ ಆಫೀಸು. ನಾಲ್ಕು ಪುಟದ ಪೇಪರು, ಒಂದು ಯೂಟ್ಯೂಬ್ ಚಾನೆಲ್ಲು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ತಾಲೂಕಿಗೊಂದು ಪುಟ. ಸಂಪಾದಕರು ಶಿವಶಂಕರ್. ಕ್ಯಾಮೆರಾ ಹಿಡಿಯುವವನು ಗಂಜಾಂನ ಸಾದಿಕ್, ಮೊದಲು ಮದುವೆ ಫೋಟೋ ತೆಗೆಯುತ್ತಿದ್ದವನು. ಗೌರವಾಧ್ಯಕ್ಷರು ನಾಗರಾಜು. ಅವರಿಗೆ ನಾಲೆ ಬಯಲಿನಲ್ಲಿ ಗದ್ದೆಯಿದೆ, ಆಲೆಮನೆಯಿದೆ, ಪಾಂಡವಪುರದಲ್ಲಿ ಕಲ್ಯಾಣಮಂಟಪವಿದೆ. ಅದಲ್ಲದೆ ನಿರ್ಮಲಹಸ್ತ ಎಂಬ ಏಜೆನ್ಸಿಯಿದೆ. ನಾಲ್ಕೂ ಊರಿಗೆ ಕಸ ಗುಡಿಸುವ ಹೆಂಗಸರನ್ನು ಒದಗಿಸುವುದು ಅದೇ. ಅವ್ವ ಅವರ ಏಜೆನ್ಸಿಯ ಆಳು, ನಾನು ಅವರ ಪತ್ರಿಕೆಯ ಆಳು. ಒಂದೇ ಮನೆಯಿಂದ ಇಬ್ಬರಾದರು ಎಂದು ನಾಗರಾಜು ಸಂತೋಷಪಟ್ಟರು.

ಏಜೆನ್ಸಿಯಲ್ಲಿ ಎಂಬತ್ತಾರು ಹೆಂಗಸರು. ಎಂಬತ್ತಾರು ಜನಕ್ಕೂ ಒಂದೊಂದು ಸುರಕ್ಷಾ ಕಿಟ್ ಕೊಡಬೇಕೆಂದು ಕರಾರಿನಲ್ಲಿತ್ತು. ಕೊಟ್ಟದ್ದಕ್ಕೆ ಫೋಟೋ ಸಮೇತ ಪತ್ರಿಕಾ ವರದಿ ಲಗತ್ತಿಸಬೇಕೆಂದೂ ಇತ್ತು. ಬಂದಿದ್ದ ಕಿಟ್ ಒಂದು. ಸ್ಯಾಂಪಲ್ಲು. ಅದೇ ನನ್ನ ಚೀಲದಲ್ಲಿತ್ತು. ಉಳಿದವು ದಾರಿಯಲ್ಲಿವೆ, ಅಷ್ಟರಲ್ಲಿ ನಾವು ಸುದ್ದಿ ಮಾಡಿಬಿಡೋಣ ಎಂದರು ಶಿವಶಂಕರ್. ಆಗದೇ ಇರುವುದನ್ನು ಹೇಗೆ ಬರೆಯೋದು ಸಾರ್ ಎಂದೆ. ಅವರಿಗೆ ಬೇಜಾರಾಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಪಾಠ ಮಾಡಿದರು.

"ಆದದ್ದನ್ನ ಯಾರು ಬೇಕಾದ್ರೂ ಬರೀತಾರೆ ಕಣಮ್ಮ. ಆಗಬೇಕಾದ್ದನ್ನ ನಾವು ಮೊದ್ಲೇ ಬರೆದ್ಬುಟ್ರೆ ಆಮೇಕೆ ಅದು ಆಗ್ಲೇಬೇಕಾಯ್ತದೆ. ಅಭಿವೃದ್ಧಿ ಪತ್ರಿಕೋದ್ಯಮ ಅಂದ್ರೆ ಅದೇಯ. ನಿಮ್ ಕಾಲೇಜಲ್ಲಿ ಏಳ್ಕೊಡ್ನಿಲ್ವಾ?"

ಅಭಿವೃದ್ಧಿ ಪತ್ರಿಕೋದ್ಯಮದಲ್ಲಿ ನನಗೆ ಎಪ್ಪತ್ತೆಂಟು ಅಂಕ ಬಂದಿತ್ತು. ಚೀಲ ಹೆಗಲಿಗೇರಿಸಿಕೊಂಡೆ.

ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಾಗಮಂಗಲ. ಕಿಟ್ಟು ಬಸ್ಸಿನಲ್ಲಿ ಹೋಗಬೇಕು, ಜೊತೆಗೆ ನಾನು. ಮೊದಲ ದಿನವೇ ಬಸ್ಸಿನ ಬಾಗಿಲು ಎಡಗಾಲ ಬೂಟಿನ ಮೂತಿಯನ್ನು ಕಚ್ಚಿ ಹರಿದುಹಾಕಿತು. ಕೆಲಸ ಹೋಯಿತೆಂದುಕೊಂಡೆ. ಬಸ್ ಸ್ಟ್ಯಾಂಡಿನ ಎದುರು ಪಂಚರ್ ಹಾಕುವ ಜಫರಣ್ಣ ಅದಕ್ಕೆ ರಬ್ಬರಿನ ತುಂಡು ಅಂಟಿಸಿಕೊಟ್ಟ. ಅವನ ಹತ್ತಿರ ಇದ್ದದ್ದು ಕೆಂಪು ರಬ್ಬರು. ಕರಿ ಬೂಟಿನ ಮೇಲೆ ಕೆಂಪು ಪ್ಯಾಚು ಕುಂಕುಮದ ಹಾಗೆ ಕಾಣುತ್ತಿತ್ತು. ಫೋಟೋದಲ್ಲಿ ಕಾಲು ಯಾರು ನೋಡ್ತಾರೆ ಎಂದ ಸಾದಿಕ್.

ಊರಿಗೆ ಹನ್ನೆರಡು ಹೆಂಗಸರು ಸಾಲಾಗಿ ನಿಲ್ಲಬೇಕು. ಮೊದಲನೆಯವಳಿಗೆ ನಾನು ಬೂಟು, ಗ್ಲೌಸು, ಜಾಕೆಟ್ಟು, ಟೋಪಿ ಹಾಕಬೇಕು. ಸಾದಿಕ್ ಕ್ಲಿಕ್ ಮಾಡಬೇಕು. ನಾನು ಬಿಚ್ಚಬೇಕು. ಎರಡನೆಯವಳಿಗೆ ಹಾಕಬೇಕು. ಫೋಟೋದ ಕೆಳಗಿನ ಸಾಲು ಶನಿವಾರವೇ ಸಿದ್ಧವಾಗಿತ್ತು: "ಸುರಕ್ಷಾ ಕಿಟ್ ಪಡೆದ ಪೌರಕಾರ್ಮಿಕರ ಮೊಗದಲ್ಲಿ ಮಂದಹಾಸ." ಕೆ.ಆರ್. ಪೇಟೆಯಲ್ಲಿ ಹೆಂಗಸರು ಬೆಳಗ್ಗೆಯೇ ಬೀದಿ ಗುಡಿಸಿ ಮುಗಿಸಿದ್ದರು. ಫೋಟೋಕ್ಕೆ ಕಸವಿರಲಿಲ್ಲ. ಏಜೆನ್ಸಿಯ ಮೇಸ್ತ್ರಿ ಒಂದು ಗಾಡಿ ಕಸ ತಂದು ಸುರಿಸಿದ. ಫೋಟೋ ಆಯಿತು. ಆಮೇಲೆ ಆ ಕಸವನ್ನು ಅದೇ ಹೆಂಗಸರು ಬರಿಗೈಯಲ್ಲಿ ಎತ್ತಿದರು. ನಾಗಮಂಗಲದ ಮಾಯಮ್ಮ ಎಂಬ ಮುದುಕಿಯದು ಮಗುವಿನ ಪಾದ. ಎಂಟನೇ ನಂಬರಿನ ಬೂಟು ಕಾಲೆತ್ತಿದರೆ ನೆಲದಲ್ಲೇ ಉಳಿಯುತ್ತಿತ್ತು. ಬೂಟಿನೊಳಗೆ 'ನಾಲ್ಕೂರ ದನಿ'ಯ ಹಳೆಯ ಪ್ರತಿಗಳನ್ನು ಮುದುರಿ ತುರುಕಿದೆ. ನಮ್ಮ ಪತ್ರಿಕೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಶ್ರೀರಂಗಪಟ್ಟಣದ ಸಾಲಿನಲ್ಲಿ ಅವ್ವನೂ ಇದ್ದಳು. ಗ್ಲೌಸು, ಜಾಕೆಟ್ಟು, ಟೋಪಿ ಹಾಕಿ, ಕೊನೆಗೆ ಅವಳ ಮುಂದೆ ಮಂಡಿಯೂರಿ ಕೂತು ಬೂಟು ತೊಡಿಸಿದೆ. ಬೀಳದಿರಲೆಂದು ಅವಳು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡಳು. ಬಿರುಕುಬಿಟ್ಟ ಹಿಮ್ಮಡಿಗೆ ಹೊಸ ರಬ್ಬರು ಕಚಗುಳಿ ಇಟ್ಟಿತೋ ಏನೋ, ಕಿಸಕ್ಕನೆ ನಕ್ಕುಬಿಟ್ಟಳು. ನಾನು ಪಕ್ಕಕ್ಕೆ ಸರಿದೆ, ಸಾದಿಕ್ ಆಗಲೇ ಕ್ಲಿಕ್ ಮಾಡಿದ. ನಲವತ್ತೆಂಟು ಫೋಟೋಗಳಲ್ಲಿ ನಿಜವಾದ ನಗು ಅದೊಂದೇ. ಮುಖಪುಟದಲ್ಲಿ ಬಂತು.

ಒಂದೂವರೆ ತಿಂಗಳ ಮೇಲೆ ಅವ್ವ ಅಂಗಡಿ ಸಾಲಿನ ಹಿಂದಿನ ಚರಂಡಿಯಲ್ಲಿ ಹೂಳು ಎತ್ತುತ್ತಿದ್ದಳು. ಯಾರೋ ಟ್ಯೂಬ್‌ಲೈಟು ಒಡೆದು ಎಸೆದಿದ್ದರು. ಬಲ ಅಂಗೈ ಹೆಬ್ಬೆರಳ ಬುಡದಿಂದ ಅಡ್ಡಕ್ಕೆ ಸೀಳಿತು. ಸೆರಗಿನ ಅಂಚು ಹರಿದು ಕಟ್ಟಿಕೊಂಡಳು. ಗಾಡಿ ಖಾಲಿ ಮಾಡಿಯೇ ಮನೆಗೆ ಬಂದಳು. ಮೂರನೇ ದಿನಕ್ಕೆ ಕೈ ಮುಂಗೈವರೆಗೆ ಊದಿಕೊಂಡಿತು. ಬೆರಳು ಮಡಚಲಾಗಲಿಲ್ಲ. ಆಸ್ಪತ್ರೆಯಲ್ಲಿ ಕುಯ್ದು ಕೀವು ತೆಗೆದರು. ಒಂದು ತಿಂಗಳು ನೀರು, ಕೊಳಕು ಮುಟ್ಟಬಾರದು ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿ ಹಿಡಿದು ನಾಗರಾಜು ಬಳಿಗೆ ಹೋದೆವು. ಅವ್ವ ಬೇಡಿದ್ದು ಒಂದೇ. ಕೈ ವಾಸಿಯಾಗುವವರೆಗೆ ತನ್ನ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡಬೇಡಿ. ಕೆಲಸದಲ್ಲಿ ಆದ ಗಾಯ, ಅದನ್ನು ಗಾಯ ಅಂತ ಬರೆದುಕೊಳ್ಳಿ.

ನಾಗರಾಜು ಎದ್ದು ಗೋಡೆಯ ಬಳಿ ಹೋದರು. ನಮ್ಮ ಮುಖಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದರು.

"ಲೇ ಚಲುವಿ, ಇದ್ಯಾರೆ?"

"ನಾನೇ ಬುದ್ಧಿ."

"ಕೈಲೇನದೆ?"

"ಗ್ಲೌಸು."

"ಗ್ಲೌಸು ಆಕ್ಕಂಡೋಳಿಗೆ ಗಾಜು ಎಂಗೆ ಚುಚ್ತು?"

ಅವ್ವ ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ಫೋಟೋದ ಅಂಚಿನಲ್ಲಿ ನನ್ನ ಮೊಣಕೈ ಇತ್ತು. ಬಿಚ್ಚಲು ತಯಾರಾಗಿ ನಿಂತಿದ್ದ ಮೊಣಕೈ.

ಅವರ ತೀರ್ಮಾನ ಹೀಗಿತ್ತು. ಕೊಟ್ಟ ಕಿಟ್ಟನ್ನು ಚಲುವಿ ಕಳೆದುಕೊಂಡಿದ್ದಾಳೆ. ಹಾಗಾಗಿ ಗಾಯ ಅವಳದೇ ತಪ್ಪು. ಹಾಗೆಂದು ಬರೆದು ರುಜು ಹಾಕಿದರೆ ಜಾಗ ಉಳಿಯುತ್ತದೆ. ಪೌರಕಾರ್ಮಿಕರ ದಿನದಂದು ವೇದಿಕೆಯ ಮೇಲೆ ಹೊಸ ಕಿಟ್ಟೂ ಸಿಗುತ್ತದೆ. ರುಜು ಹಾಕದಿದ್ದರೆ ಹೆಸರು ತೆಗೆಯುತ್ತಾರೆ. ಗಾಯಕ್ಕೂ ಏಜೆನ್ಸಿಗೂ ಸಂಬಂಧವಿಲ್ಲ.

ಆ ಪತ್ರ ಬರೆಯುವ ಕೆಲಸವನ್ನು ಶಿವಶಂಕರ್ ನನಗೇ ಕೊಟ್ಟರು. ನಿನ್ನ ಭಾಷೆ ಚೆನ್ನಾಗಿದೆ ಎಂದರು. ಇದೊಂದು ಸುಸೂತ್ರವಾಗಿ ಮುಗಿದರೆ ನಾಗಮಂಗಲದ ಪುಟ ನಿನ್ನದು, ಕಾಯಂ ವರದಿಗಾರ್ತಿ ಎಂದರು. ನಾಲ್ಕು ಸಲ ಬರೆದೆ. "ಕಳೆದುಹೋಯಿತು" ಎಂದು ಬರೆದದ್ದನ್ನು ಅವರು "ನನ್ನ ನಿರ್ಲಕ್ಷ್ಯದಿಂದ ಕಳೆದುಕೊಂಡಿರುತ್ತೇನೆ" ಎಂದು ತಿದ್ದಿದರು. ತಿದ್ದುವವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ.

ಸಂಜೆ ಅವ್ವನಿಗೆ ಓದಿ ಹೇಳಿದೆ. ಅವಳು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ನಾನು ಕಳ್ಕಂಡಿವ್ನಿ ಅಂತ ಬರ್ದಿದ್ದೀಯ?"

"ಊಂ."

"ನೀನೇ ಅಲ್ವವ್ವ ಬಿಚ್ಕಂಡಿದ್ದು?"

ಬೈಯುವ ದನಿಯಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಕಲ್ಲು ಎನ್ನುವ ದನಿ. ಆಮೇಲೆ ಫಂಕ್ಷನ್ನಿಗೆ ಬರುತ್ತೇನೆ ಎಂದಳು.

ಪೌರಕಾರ್ಮಿಕರ ದಿನ ನಾಗರಾಜು ಅವರ ಕಲ್ಯಾಣಮಂಟಪದಲ್ಲಿ. ನಾಲ್ಕೂ ಊರಿನ ಎಂಬತ್ತಾರು ಹೆಂಗಸರನ್ನು ಬಸ್ಸು ಮಾಡಿ ಕರೆಸಿದ್ದರು. ಬಂದವರ ಕೈಗೆ ಮೊದಲು ಪೊರಕೆ ಕೊಟ್ಟು ಮಂಟಪದ ಮುಂದಿನ ರಸ್ತೆ ಗುಡಿಸಿಸಿದರು. ಆಮೇಲೆ ಒಳಗೆ ಕೂರಿಸಿ ಪೌರಕಾರ್ಮಿಕರು ದೇವರ ಸಮಾನ ಎಂದು ಭಾಷಣ ಮಾಡಿದರು.

ದಾರಿಯಲ್ಲಿದ್ದ ಎಂಬತ್ತೈದು ಕಿಟ್ಟು ಇವತ್ತಾದರೂ ಬಂದಿರುತ್ತದೆ ಎಂದುಕೊಂಡಿದ್ದೆ. ಶಿವಶಂಕರ್ ನನ್ನ ಹೆಗಲ ಚೀಲ ತೋರಿಸಿದರು. ಅದೇ. ಅವರು ಕಾಗದದ ಮೇಲೆ ನಕ್ಷೆ ಬರೆದಿದ್ದರು. ಹೆಂಗಸು ವೇದಿಕೆಯ ಎಡಗಡೆ ಮೆಟ್ಟಿಲ ಬಳಿ ಕಿಟ್ಟು ತೊಟ್ಟು ಹತ್ತಬೇಕು. ಮುಖ್ಯ ಅತಿಥಿಯ ಕೈ ಮುಟ್ಟಬೇಕು. ಫೋಟೋ. ಬಲಗಡೆ ಇಳಿದು ಪರದೆಯ ಹಿಂದಕ್ಕೆ ಬರಬೇಕು. ಅಲ್ಲಿ ನಾನು ಬಿಚ್ಚಿಕೊಂಡು, ಅಡುಗೆಮನೆಯ ಮೂಲಕ ಓಡಿ, ಎಡಗಡೆ ಕಾದಿರುವ ಮುಂದಿನವಳಿಗೆ ತೊಡಿಸಬೇಕು. ಒಬ್ಬಳಿಗೆ ಒಂದೂವರೆ ನಿಮಿಷ. ನಡುವೆ ಸ್ಪೀಕರಿನಲ್ಲಿ ಚಪ್ಪಾಳೆ ಹಾಕುತ್ತಾರೆ.

ಓಡಿದೆ. ಮಂಡಿಯೂರಿದೆ. ಎಳೆದೆ. ಓಡಿದೆ. ಬೂಟು ಕೀಳುವಾಗ ಹೆಂಗಸರು ನನ್ನ ಹೆಗಲು ಹಿಡಿದು ಒಂಟಿಕಾಲಿನಲ್ಲಿ ಕುಣಿಯುತ್ತಿದ್ದರು. ಎಲ್ಲರ ಕಾಲನ್ನೂ ಮುಟ್ಟಿದೆ. ಕೊಳೆತ ಉಗುರು. ಬೆರಳ ಸಂದಿನಲ್ಲಿ ಬಿಳಿಚಿ ಸುಲಿದ ಚರ್ಮ. ಒಬ್ಬಳಿಗೆ ಕಿರುಬೆರಳೇ ಇರಲಿಲ್ಲ. ಎಲ್ಲರ ಬೆವರೂ ಒಂದೇ ಬೂಟಿನಲ್ಲಿ ಸೇರಿ ಪಚಪಚ ಎನ್ನುತ್ತಿತ್ತು. ಒಬ್ಬಳ ಕೈಯಿಂದ ಬಿಸಿಬಿಸಿ ಗ್ಲೌಸು ತೆಗೆದು ಇನ್ನೊಬ್ಬಳ ಕೈಗೆ ತುರುಕುತ್ತಿದ್ದೆ. ಅಡುಗೆಮನೆಯಲ್ಲಿ ಪಾಯಸದ ಪಾತ್ರೆಗೆ ಒಮ್ಮೆ ಬೂಟು ತಗುಲಿತು. ಮೈಲಿಗೆ ಮಾಡಿದಳು ಎಂದು ಅಡುಗೆಯವನು ನನ್ನನ್ನು ಬೈದ. ನಿಲ್ಲಲು ಸಮಯವಿರಲಿಲ್ಲ. ಹದಿನಾರು... ಹದಿನೇಳು... ಹದಿನೆಂಟು.

ಹತ್ತೊಂಬತ್ತನೆಯವಳು ಅವ್ವ.

ಎಡಗೈಗೆ ಗ್ಲೌಸು ಏರಿತು. ಬಲಗೈ ಬ್ಯಾಂಡೇಜಿನೊಳಗೆ ಊದಿಕೊಂಡೇ ಇತ್ತು. ಅದು ಬೇಡ ಅವ್ವ, ಸೆರಗಿನಲ್ಲಿ ಮುಚ್ಕೋ ಎಂದೆ.

"ಆಕು," ಎಂದಳು.

ನನ್ನ ಕೈಯಿಂದ ಗ್ಲೌಸು ಕಸಿದುಕೊಂಡು ತಾನೇ ತುರುಕಿಕೊಂಡಳು. ಹಲ್ಲು ಕಚ್ಚಿದ್ದಳು. ಒಳಗೆ ಏನೋ ಒಡೆದ ಸದ್ದು ಬಂತು. ಗ್ಲೌಸಿನ ಬಾಯಿಂದ ಒಂದು ಗೆರೆ ರಕ್ತ ಮೊಣಕೈಗೆ ಇಳಿಯಿತು. ವೇದಿಕೆ ಹತ್ತಿದಳು.

ನಾಗರಾಜು ಮೈಕಿನ ಪಕ್ಕದಲ್ಲೇ ಪತ್ರ, ಪೆನ್ನು ಹಿಡಿದು ನಿಂತಿದ್ದರು. ಮೊದಲು ರುಜು, ಆಮೇಲೆ ಫೋಟೋ. ಮೈಕು ಆನ್ ಇತ್ತು. ಇಡೀ ಮಂಟಪಕ್ಕೆ ಕೇಳಿತು.

"ಇದ್ರಲ್ಲಿ ಏನದೆ ಬುದ್ಧಿ?"

"ನಿಂಗೆ ಕೊಟ್ಟಿದ್ದು ಕಳ್ದೋಯ್ತು ಅಂತ ಅದೆ. ಆಕು ರುಜುವ."

"ಸಿಕ್ತಲ್ಲ."

"ಏನು ಸಿಕ್ತು?"

"ಕಳ್ದೋಗಿದ್ದು. ಇದೇಯ. ನಿಮ್ ಗೋಡೆ ಮೇಲಿರೋ ಫೋಟೋದಲ್ಲಿ ಎಡಗಾಲಿಗೆ ಕೆಂಪು ಪ್ಯಾಚು ಅದೆ. ಇಲ್ನೋಡಿ, ಕೆಂಪು ಪ್ಯಾಚು. ನಂದೇಯ. ಸಿಕ್ದ ಮೇಲೆ ಕಾಗ್ದ ಯಾಕೆ?"

ಪೆನ್ನು ವಾಪಸು ಕೊಟ್ಟಳು. ಬಲಗಡೆಯ ಪರದೆಗೆ ಹೋಗಲಿಲ್ಲ. ಎದುರಿನ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ, ಟೋಪಿ ಜಾಕೆಟ್ಟು ಸಮೇತ, ಪಚಕ್ ಪಚಕ್ ಎಂದು ಸದ್ದು ಮಾಡುತ್ತಾ ಬಾಗಿಲಾಚೆ ನಡೆದುಬಿಟ್ಟಳು. ಸ್ಪೀಕರಿನವನು ಅಭ್ಯಾಸಬಲದಿಂದ ಚಪ್ಪಾಳೆ ಹಾಕಿದ.

ಇಪ್ಪತ್ತನೆಯವಳ ಹೆಸರು ಕೂಗಿದರು. ಅವಳು ಬರಿಗಾಲಿನಲ್ಲಿ, ಎರಡೂ ಕೈ ಮುಂದೆ ಚಾಚಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ತೊಡಿಸಲು ಏನೂ ಇರಲಿಲ್ಲ. ಮುಖ್ಯ ಅತಿಥಿ ನಗುಮುಖ ಹಾಗೇ ಇಟ್ಟುಕೊಂಡು ಕಾದರು. ಒಂದು ಜೊತೆ ಬೂಟು ಬಾಗಿಲು ದಾಟಿದ್ದಕ್ಕೆ ಎಂಬತ್ತಾರು ಜನರ ಸನ್ಮಾನ ನಿಂತುಹೋಯಿತು. ಶಿವಶಂಕರ್ ಪರದೆಯ ಹಿಂದೆ ಬಂದು ನನ್ನ ರಟ್ಟೆ ಹಿಡಿದರು. ಓಡು, ನಿಮ್ಮವ್ವನ್ನ ನಿಲ್ಲಿಸು, ಬಿಚ್ಚಿಕೊಂಡು ಬಾ ಎಂದರು.

"ಬಿಚ್ಚಲ್ಲ ಸಾರ್."

ನಾಗಮಂಗಲ ಎಂದರು. ಕಾಯಂ ಎಂದರು. ನಿನ್ನಂಥವರಿಗೆ ಯಾರು ಕೆಲಸ ಕೊಡ್ತಾರೆ ಎಂದರು.

"ಬಿಚ್ಚಲ್ಲ."

ನಾಗರಾಜು ಅವರ ಕಡೆಯವರು ರಸ್ತೆಯಲ್ಲಿ ಅವ್ವನನ್ನು ಅಡ್ಡಗಟ್ಟಿದರು. ನಡುರಸ್ತೆಯಲ್ಲಿ ಹೆಂಗಸಿನ ಮೈಮೇಲಿನದನ್ನು ಬಿಚ್ಚಲು ಅವರಿಗೆ ಧೈರ್ಯ ಬರಲಿಲ್ಲ. ಕಳ್ಳಿ ಎಂದು ಕೂಗಿ ಪೊಲೀಸ್ ಠಾಣೆಗೆ ನಡೆಸಿದರು. ಎಂಬತ್ತೈದು ಹೆಂಗಸರಿಗೆ ಕೂತಿರಿ ಎಂದು ಯಾರೂ ಹೇಳಿರಲಿಲ್ಲ. ಅವರೂ ಹಿಂದೆ ಬಂದರು. ನಾನೂ, ಸಾದಿಕ್ಕೂ ಬಂದೆವು. ನಾಗರಾಜು, ಶಿವಶಂಕರ್ ಕಾರಿನಲ್ಲಿ ಬಂದರು. ಪಾಯಸ ಅಲ್ಲೇ ಉಳಿಯಿತು.

ಠಾಣೆಯ ಪೊಲೀಸರೆಲ್ಲ ನಮ್ಮ ಫಂಕ್ಷನ್ನಿನ ಬಂದೋಬಸ್ತಿಗೇ ಹೋಗಿದ್ದರು. ದೂರು ಬರೆದುಕೊಳ್ಳುವ ಪುಟ್ಟರಾಜು ಒಬ್ಬರೇ ಇದ್ದರು. ವಯಸ್ಸಾದ ಮನುಷ್ಯ. ಮೇಜಿನ ಮೇಲೆ 'ನಾಲ್ಕೂರ ದನಿ' ಹಾಸಿಕೊಂಡು ಕಡ್ಲೆಕಾಯಿ ಬಿಡಿಸುತ್ತಿದ್ದರು.

ಕಿಟ್ಟು ಕದ್ದವಳೆ, ಬರ್ಕಳಿ ಎಂದರು ನಾಗರಾಜು. ಯಾರ ಕಿಟ್ಟು ಎಂದು ಪುಟ್ಟರಾಜು ಕೇಳಿದರು. ಏಜೆನ್ಸಿಯದು. ಪುಟ್ಟರಾಜು ಅವ್ವನ ಮುಖ ನೋಡಿ, ಒಳಗಿನ ಕಪಾಟಿನಿಂದ ಹಳೆಯ ಪೇಪರಿನ ಕಟ್ಟು ತಂದು, ಮುಖಪುಟ ಹುಡುಕಿ ಹರಡಿದರು.

"ಇಲ್ಲಿ ಆಯಮ್ಮಂಗೆ ಕೊಟ್ಬುಟ್ಟಿದ್ದೀರಿ ಅಂತ ಬಂದದಲ್ಲ ಸಾರ್."

"ಕೊಟ್ಟಿದ್ದು ನಿಜ."

"ಕೊಟ್ ಮೇಲೆ ಆಯಮ್ಮಂದಾಯ್ತು. ಅವಳ ಬೂಟ ಅವಳೇ ಕದ್ಲು ಅಂತ ಎಂಗೆ ಬರೀಲಿ?"

ಇವತ್ತಿನದು ಬೇರೆ ಎಂದರು ನಾಗರಾಜು. ಇವತ್ತು ಯಾರಿಗೆ ಕೊಟ್ಟಿರಿ ಎಂದರು ಪುಟ್ಟರಾಜು. ಇವಳಿಗೇ. ಹಾಗಾದರೆ ಅದೂ ಇವಳದೇ ಅಲ್ಲವೇ. ಉಳಿದವರಿಗೆ ಬೇಕು ಎಂದು ನಾಗರಾಜು ಬಾಯಿತಪ್ಪಿ ಅಂದುಬಿಟ್ಟರು. ಉಳಿದವರಿಗೆ ಬೇರೆ ಇಲ್ಲವೇ ಎಂದರು ಪುಟ್ಟರಾಜು. ಆ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಸಿಕ್ಕಿಬೀಳಬೇಕಿತ್ತು. ನಾಗರಾಜು ಶಿವಶಂಕರ್ ಕಡೆ ನೋಡಿದರು. ಶಿವಶಂಕರ್ ಫೋನ್ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಮಾಯಮ್ಮ ಒಳಗೆ ಬಂದಳು. ನಾಗಮಂಗಲದ ಪುಟದಲ್ಲಿ ತನ್ನ ಫೋಟೋ ಇದೆ ನೋಡಿ ಎಂದಳು. ಇತ್ತು.

"ಅಂಗಾದ್ರೆ ನಮ್ದೂ ಬರ್ಕಳಿ ಸ್ವಾಮಿ. ನಮ್ದೂ ಕಳವಾಗದೆ. ಕೊಟ್ಟ ಗಳಿಗೇಲೇ ಹೋಯ್ತು."

ನಮ್ದೂ, ನಮ್ದೂ ಎಂದು ಹೊರಗಿನಿಂದ ಕೂಗು ಎದ್ದಿತು. ಪುಟ್ಟರಾಜು ಕಡ್ಲೆಕಾಯಿ ಸಿಪ್ಪೆ ಒರೆಸಿ ಪೆನ್ನು ತೆಗೆದರು. ಯಾರ ಮೇಲೆ ಅನುಮಾನ ಎಂದು ಕೇಳಿದರು. ಮಾಯಮ್ಮ ಹಿಂದೆಮುಂದೆ ನೋಡದೆ ನನ್ನತ್ತ ಕೈ ತೋರಿಸಿದಳು.

"ಈ ಮಗ. ಇದೇ ಬಿಚ್ಕಂಡಿದ್ದು."

ಸಿಟ್ಟಿನಿಂದ ಹೇಳಿದ್ದಲ್ಲ. ಅವಳು ಕಂಡದ್ದು ಅದು.

ಹೌದು, ನಾನೇ ಎಂದೆ. ಹಿಂದೆ ನಲವತ್ತೆಂಟು, ಇವತ್ತು ಹದಿನೆಂಟು. ಅರವತ್ತಾರು ಸಲ ಬಿಚ್ಚಿದ್ದೇನೆ. ಸಂಪಾದಕರು ಹೇಳಿದರು, ಬಿಚ್ಚಿದೆ. ನನ್ನ ಅವ್ವನದನ್ನೂ ಬಿಚ್ಚಿದ್ದೇನೆ. ನನ್ನ ಹೆಸರು ಅರ್ಪಿತ, ಬರೆದುಕೊಳ್ಳಿ.

"ಅರವತ್ತಾರು ಜೊತೆ ಬೂಟು ಈಗ ಎಲ್ಲದೆ?"

"ಅವ್ವನ ಕಾಲಲ್ಲಿ."

ಪುಟ್ಟರಾಜು ಮೇಜಿನ ಮೇಲಿಂದ ಬಗ್ಗಿ ಅವ್ವನ ಕಾಲು ನೋಡಿದರು. ಎರಡೇ ಇದ್ದವು. ಸಾದಿಕ್ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ಝೂಮ್ ಮಾಡಿ ನೋಡಿ ಅಣ್ಣ, ಎಲ್ಲಾದ್ರಲ್ಲೂ ಅದೇ ಪ್ಯಾಚ್, ಅಲ್ಲಾ ಕಸಮ್ ಎಂದ. ಶಿವಶಂಕರ್ ಆಗ ಫೋನಿನಿಂದ ತಲೆಯೆತ್ತಿ, ನೀವಿಬ್ಬರೂ ನಾಳೆಯಿಂದ ಬರಬೇಡಿ ಎಂದರು. ಸಾದಿಕ್ ಮೆಮೊರಿ ಕಾರ್ಡನ್ನೂ ಬಿಚ್ಚಿ ಪಕ್ಕದಲ್ಲಿಟ್ಟ.

ಪುಟ್ಟರಾಜು ನಾಲ್ಕು ಸಾಲು ಬರೆದು ಕೈ ಕೊಡವಿಕೊಂಡರು. ಈ ಪುರಾಣ ನಾನು ಬರೆದರೆ ನಾಳೆಯಾಗುತ್ತದೆ, ಓದಿದವಳು ನೀನೇ ಬರೆದುಕೊಡು, ಸಾಹೇಬರು ಬಂದಾಗ ಮುಂದಿಡುತ್ತೇನೆ ಎಂದು ಹಾಳೆ ಕೊಟ್ಟರು. ಬೆಂಚಿನ ಮೇಲೆ ಕೂತು ಬರೆದೆ. ಸಂತಸ, ಮಂದಹಾಸ, ಸಾರ್ಥಕ ಯಾವುದೂ ಬರಲಿಲ್ಲ. ಇಂಥ ದಿನ, ಇಂಥ ಊರು, ಒಂದು ಜೊತೆ, ಎಂಬತ್ತಾರು ಜನ. ಅವ್ವ ಪಕ್ಕದಲ್ಲಿ ಕೂತು ಬಲಗೈ ಗ್ಲೌಸನ್ನು ಹಲ್ಲಿನಿಂದ ಎಳೆದು ತೆಗೆದಳು. ರಕ್ತ, ಕೀವು ಬೆಂಚಿನ ಮೇಲೆ ತೊಟ್ಟಿಕ್ಕಿತು. ಕೈ ವಿಚಾರಾನೂ ಸೇರ್ಸು ಎಂದಳು. ಸೇರಿಸಿದೆ.

ನಾಗರಾಜು ಅದನ್ನು ಬಗ್ಗಿ ಓದಿದರು. ಅವರ ದನಿ ಇಳಿಯಿತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಗುತ್ತಿಗೆದಾರನೊಬ್ಬನ ಬಾಯಲ್ಲಿ ಅವ್ವ ಚಲುವಮ್ಮ ಆದಳು.

"ಚಲುವಮ್ಮ, ಬೂಟಿನ ಕತೆ ಬೇಕಾದ್ರೆ ಇರ್ಲಿ. ಕೈದು ಒಂದ್ ತೆಗೆಸ್ಬುಡು. ನಾಳೆ ಬಂದು ಸುಮ್ನೆ ಕುಂತ್ಕೋ, ಹಾಜರಿ ಹಾಕ್ತೀನಿ. ಮಗಳಿಗೆ ನಾಗಮಂಗಲದ ಕೆಲ್ಸ. ಇಬ್ರದೂ ಉಳ್ಕತದೆ."

ಶಿವಶಂಕರ್ ತಲೆಯಾಡಿಸಿದರು. ನಾನು ಬರೆಯುವುದು ನಿಲ್ಲಿಸಿದೆ. ಆ ಕೈ ನನ್ನದಲ್ಲ, ಆ ಕೆಲಸವೂ ನನ್ನದಲ್ಲ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವ್ವ ಬೇಡ ಎಂದಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದೆ. ಅವಳು ಯೋಚನೆ ಮಾಡಿದಳು. ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ತನ್ನ ಅಂಗೈ ನೋಡಿಕೊಂಡಳು.

"ಕೈ ವಿಚಾರ ಏನು ಬರ್ದಿದ್ದೀಯ, ಓದವ್ವ."

"ನನ್ನ ತಾಯಿ ಚಲುವಮ್ಮನವರ ಬಲ ಅಂಗೈ ಬರಿಗೈಯಲ್ಲಿ ಚರಂಡಿ ಎತ್ತುವಾಗ ಸೀಳಿತು. ಆ ದಿನ ಅವರ ಬಳಿ ಗ್ಲೌಸು ಇರಲಿಲ್ಲ. ಇಪ್ಪತ್ತೊಂದು ವರ್ಷ ಇರಲಿಲ್ಲ."

"ಆಚೆ ಇರೋರ್ಗೂ ಕೇಳಂಗೆ ಓದು."

ಬಾಗಿಲಿಗೆ ಹೋಗಿ ಗಟ್ಟಿಯಾಗಿ ಓದಿದೆ. ಠಾಣೆಯ ಮುಂದಿನ ಬೇವಿನ ಮರದಡಿ ಕೂತಿದ್ದವರು ಬಾಗಿಲತ್ತ ತಿರುಗಿದರು. ಅವ್ವ ಪೆನ್ನು ತೆಗೆದುಕೊಂಡು ಎಡಗೈಯಲ್ಲಿ ಒಂದೊಂದೇ ಅಕ್ಷರ ಕೊರೆದು ರುಜು ಹಾಕಿದಳು. ನಾಗರಾಜು ಹೊರಟುಹೋದರು. ಅವಳ ಕೆಲಸವೂ, ನನ್ನ ಕೆಲಸವೂ ಅವರ ಕಾರಿನಲ್ಲೇ ಹೋದವು.

ಮಾಯಮ್ಮ ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಸಾಲು ಬಾಗಿಲು ದಾಟಿ ಮರದವರೆಗೆ ಬೆಳೆಯುತ್ತಿತ್ತು. ಪುಟ್ಟರಾಜು ಇನ್ನೊಂದಿಷ್ಟು ಹಾಳೆ ತಂದರು. ನಾನು ಮೇಲೆ ದಿನಾಂಕ ಹಾಕಿ ಬರೆಯಲು ಶುರುಮಾಡಿದೆ. ಮಾಯಮ್ಮ ಪೆನ್ನಿನ ಮೇಲೆ ಕೈಯಿಟ್ಟು ತಡೆದಳು. ಸೀರೆ ಮಂಡಿಯವರೆಗೆ ಎಳೆದು, ಎಡಗಾಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು.

"ಮೊದ್ಲು ನೋಡು," ಎಂದಳು. "ಆಮೇಕೆ ಬರಿ."